ಬರೆದಿಟ್ಟರೆ ಹೇಳಿದ ಹಾಗಾಯ್ತಾ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಒಂದು ದಿನ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿದ್ದೆ. ನಮ್ಮೂರು ಶಿಕಾರಿಪುರ ತಾಲ್ಲೂಕು. ದೊಡ್ಡಪ್ಪನ ಮಗಳನ್ನ ಸೊರಬದ ಕಡೆ ಕೊಟ್ಟಿದ್ದಾರೆ. ಅಕ್ಕ ಅಲ್ಲಿನ ಒಂದು ಸಹಕಾರ ಸಂಘದಲ್ಲಿ ಹನ್ನೆರಡು ವರ್ಷದಿಂದ ಗುಮಾಸ್ತೆ. ಬೆಂಗಳೂರಲ್ಲಿ ನಾನು ಕೆಲಸ ಮಾಡೋ ಕಂಪನಿ ತಯಾರಿಸೋದು ಇಂಥ ಸಂಘಗಳು ಲೆಕ್ಕ ಇಡೋ ಸಾಫ್ಟ್‌ವೇರ್. ಅಕ್ಕನ ಸಂಘದಲ್ಲಿರೋದೂ ಅದೇ. ಹಾಗಾಗಿ ನಾನು ಹೋದಾಗಲೆಲ್ಲ ಅವಳ ಹತ್ತಿರ ಒಂದಲ್ಲ ಒಂದು ದೂರು ಇದ್ದೇ ಇರುತ್ತೆ.

ಊಟ ಆಗಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ವಿ. ಅಕ್ಕ ಕೇಳಿದಳು:

"ತಮ್ಮಾ, ನಿಮ್ ಸಾಫ್ಟ್‌ವೇರಲ್ಲಿ ಒಂದ್ ಸಲ ರಸೀದಿ ತಪ್ಪಾದ್ರೆ ತಿದ್ದಕ್ಕೆ ಬರದೇ ಇಲ್ವಾ?"

"ಬರತ್ತಲ್ಲಕ್ಕ."

"ಎಲ್ಲ್ ಬರತ್ತೆ? ಹುಡುಕಿ ಹುಡುಕಿ ಸಾಕಾಯ್ತು ನಂಗೆ."

ಆಮೇಲೆ ಹೇಳಿದ ಕತೆ ಇಷ್ಟು. ಒಂದು ದಿನ ಸಂಘದಲ್ಲಿ ಜನ ಜಾಸ್ತಿ. ರೈತರೊಬ್ಬರು ಸಾಲಕ್ಕೆ 4,600 ರೂಪಾಯಿ ಕಟ್ಟಿದ್ರು. ಅವಸರದಲ್ಲಿ ಅಕ್ಕ 6,400 ಅಂತ ಹೊಡೆದಳು. ರಸೀದಿ ಬಂತು, ಅವರು ನೋಡದೆ ಮಡಚಿ ಜೇಬಿಗಿಟ್ಟುಕೊಂಡು ಹೋದ್ರು. ಸಂಜೆ ನಗದು ಎಣಿಸಿದ್ರೆ 1,800 ಕಮ್ಮಿ. ಹಳೇ ಗುಮಾಸ್ತರಿಗೆಲ್ಲ ಗೊತ್ತಿರೋ ಒಂದು ಉಪಾಯ ಇದೆ. ವ್ಯತ್ಯಾಸದ ಮೊತ್ತ 9ರಿಂದ ಪೂರ್ತಿ ಭಾಗ ಆದ್ರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಅಂತ ಮೊದಲು ಅನುಮಾನ ಪಡಬೇಕು. 1,800 ಹಾಗೇ ಭಾಗ ಆಗುತ್ತೆ. ಅಕ್ಕ ಹತ್ತು ನಿಮಿಷದಲ್ಲಿ ತಪ್ಪು ಎಲ್ಲಿದೆ ಅಂತ ಹಿಡಿದಳು.

ಆದ್ರೆ ಉಳಿಸಿದ ರಸೀದಿಯ ಮೊತ್ತ ಬದಲಾಯಿಸೋಕೆ ಸಾಫ್ಟ್‌ವೇರ್ ಬಿಡಲ್ಲ. ಬಿಡಬಾರದು ಕೂಡ. ಸರಿ, ದಾರಿ ಏನು ಅಂತ ತಿಳ್ಕೊಳ್ಳೋಕೆ 'ಸಹಾಯ' ಒತ್ತಿದಳು. 'ತಪ್ಪು' ಅಂತ ಹುಡುಕಿದಳು. ಏನೂ ಸಿಗಲಿಲ್ಲ. 'ರದ್ದು' ಅಂದಳು. ಸಿಗಲಿಲ್ಲ. 'ತಿದ್ದುಪಡಿ' ಅಂದಾಗ ಸದಸ್ಯರ ವಿಳಾಸ ತಿದ್ದೋದು ಹೇಗೆ ಅನ್ನೋ ಪುಟ ಬಂತು. ಎಡಗಡೆಯ ಪಟ್ಟಿಯಲ್ಲಿ ಮಾಸ್ಟರ್ಸ್, ಟ್ರಾನ್ಸಾಕ್ಷನ್ಸ್, ಬ್ಯಾಚ್ ಪ್ರೋಸೆಸ್, ಯುಟಿಲಿಟೀಸ್, ರಿಪೋರ್ಟ್ಸ್ ಅಂತ ಇದ್ವು. ಟ್ರಾನ್ಸಾಕ್ಷನ್ಸ್ ಒಳಗೆ ಪೂರ್ತಿ ಹುಡುಕಿದಳು. ಕಾರ್ಯದರ್ಶಿ ಮೀಟಿಂಗ್ ಅಂತ ಶಿವಮೊಗ್ಗಕ್ಕೆ ಹೋಗಿದ್ರು. ನಗದು ತಾಳೆ ಆಗದೆ ದಿನ ಮುಗಿಸೋ ಹಾಗಿಲ್ಲ. ಕೊನೆಗೆ ಅಕ್ಕ ತನ್ನ ಬ್ಯಾಗಿನಿಂದ 1,800 ರೂಪಾಯಿ ತೆಗೆದು ಪೆಟ್ಟಿಗೆಗೆ ಹಾಕಿ, ಲೆಕ್ಕ ಮುಗಿಸಿ ಮನೆಗೆ ಬಂದಳು. ಅವಳ ಸಂಬಳದಲ್ಲಿ ಅದು ನಾಲ್ಕೈದು ದಿನದ ದುಡಿಮೆ.

"ಇದೇ ಮೊದಲಾ?"

"ಇನ್ನೂ ನಾಕೈದ್ ಸಲ ಆಗಿತ್ತು. ನೂರು, ಇನ್ನೂರು. ಇಷ್ಟ್ ದೊಡ್ಡದು ಇದೇ."

"ಎಲ್ಲಾ ಸೇರಿ ಎಷ್ಟಾಗಿರಬಹುದು?"

"ಅದರ ಲೆಕ್ಕ ಯಾರು ಇಡ್ತಾರೆ ಮಾರಾಯ."

ನಾನು ಲ್ಯಾಪ್‌ಟಾಪ್ ತೆಗೆದೆ. ಪುಟ ಇತ್ತು. ಯುಟಿಲಿಟೀಸ್ ಒಳಗೆ ಅಡ್ಮಿನ್, ಅದರೊಳಗೆ 'ಟ್ರಾನ್ಸಾಕ್ಷನ್ ರಿವರ್ಸಲ್'. ಬರೆದವನು ನಾನೇ. ಹಂತ ಹಂತವಾಗಿ, ಚಿತ್ರಗಳ ಸಮೇತ. ಕಾರ್ಯದರ್ಶಿ ಲಾಗಿನ್‌ನಲ್ಲಿ ಮೂರು ನಿಮಿಷದ ಕೆಲಸ. ಹಳೇ ರಸೀದಿ ಅಳಿಸಿಹೋಗಲ್ಲ, ಅದಕ್ಕೆ ಎದುರಾಗಿ ಅಷ್ಟೇ ಮೊತ್ತದ ಇನ್ನೊಂದು ನಮೂದು ಬೀಳುತ್ತೆ, ಕಾರಣ ದಾಖಲಾಗುತ್ತೆ, ಸರಿಯಾದ ರಸೀದಿ ಹೊಸದಾಗಿ ಹಾಕಬಹುದು. ಒಂದು ಅಕ್ಷರ ತಪ್ಪಿಲ್ಲದ ಪುಟ. ನಾನು ಹೆಮ್ಮೆಯಿಂದಲೇ ತೋರಿಸಿದೆ:

"ಬರ್ದಿದೀವಲ್ಲಕ್ಕ, ಇಲ್ನೋಡು."

ಅಕ್ಕ ಪೂರ್ತಿ ಓದಿದಳು. "ಬರ್ದಿದೀಯ, ಹೌದು. ಆದ್ರೆ ಇದಕ್ಕೆ ರಿವರ್ಸಲ್ ಅಂತಾರೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಅಷ್ಟು ಗೊತ್ತಿದ್ದಿದ್ರೆ ನಾನ್ಯಾಕೆ ನಿನ್ ಸಹಾಯ ಒತ್ತತಿದ್ದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಮಾತು ಬಿಡಲಿಲ್ಲ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡ್ತಿದ್ದೀನಿ. ಒಂದು ವಿಷಯ ಬರೆದಿಟ್ಟಿದ್ದೇವೆ, ಅದು ಸರಿಯಾಗಿಯೂ ಇದೆ. ಆದ್ರೆ ಅದು ಬೇಕಾದವರಿಗೆ ಬೇಕಾದ ಹೊತ್ತಲ್ಲಿ ಸಿಗಲಿಲ್ಲ. ಆಗ ನಾವು ಹೇಳಿದ ಹಾಗಾಯ್ತಾ, ಹೇಳಲಿಲ್ಲ ಅಂತಾಯ್ತಾ?

ಮೊದಲು ಆ ಸಹಾಯ ಪುಟಗಳು ಹೇಗೆ ಹುಟ್ಟಿದವು ಅಂತ ಹೇಳಿಬಿಡ್ತೀನಿ. ಟೀಮಿನಲ್ಲಿ ಕನ್ನಡ ಟೈಪ್ ಮಾಡೋಕೆ ಬರ್ತಿದ್ದವನು ನಾನೊಬ್ಬನೇ ಅನ್ನೋ ಕಾರಣಕ್ಕೆ ಕೆಲಸ ನನ್ನ ತಲೆಗೆ ಬಂತು. ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಯಾರೂ ಯೋಚಿಸಲಿಲ್ಲ. ಮೆನುವಿನ ಕ್ರಮ ಇತ್ತಲ್ಲ, ಅದನ್ನೇ ಹಿಡಿದೆ. ಮೆನುವಿನ ಕ್ರಮ ಎಲ್ಲಿಂದ ಬಂತು? ಕೋಡಿನ ಮಾಡ್ಯೂಲುಗಳಿಂದ. ಮಾಡ್ಯೂಲುಗಳು? ಯಾವ ಡೆವಲಪರ್ ಯಾವ ಭಾಗ ಬರೆದ ಅನ್ನೋದರಿಂದ. ಅಂದರೆ ಸೊರಬದ ಗುಮಾಸ್ತೆಯೊಬ್ಬಳು ಸಂಜೆ ಆರು ಗಂಟೆಗೆ ತನ್ನ ತಪ್ಪಿಗೆ ಪರಿಹಾರ ಹುಡುಕಬೇಕಾದ್ರೆ, ಬೆಂಗಳೂರಿನ ಒಂದು ಆಫೀಸಿನಲ್ಲಿ ಯಾರ ಪಕ್ಕ ಯಾರು ಕೂರ್ತಿದ್ರು ಅಂತ ಅವಳಿಗೆ ಗೊತ್ತಿರಬೇಕಿತ್ತು.

ಇನ್ನೊಂದು ಎಡವಟ್ಟೂ ಆಗಿತ್ತು. ಕೆಲವು ಪಟ್ಟಿಗಳನ್ನ ಇಂಗ್ಲಿಷಿನಲ್ಲಿ ಅಕಾರಾದಿಯಾಗಿ ಜೋಡಿಸಿದ್ವಿ. ಡೆಪಾಸಿಟ್, ಲೋನ್, ಮೆಂಬರ್, ಶೇರ್. ನಾನು ಕೂತು ಕನ್ನಡಕ್ಕೆ ತಂದೆ. ಠೇವಣಿ, ಸಾಲ, ಸದಸ್ಯ, ಷೇರು. ಇಂಗ್ಲಿಷಿನ ಡಿ, ಎಲ್, ಎಂ, ಎಸ್ ಕ್ರಮ ಕನ್ನಡದಲ್ಲಿ ಯಾವ ಕ್ರಮವೂ ಅಲ್ಲ. ನಮ್ಮ ವರ್ಣಮಾಲೆ ಪ್ರಕಾರ ಠೇವಣಿ, ಷೇರು, ಸದಸ್ಯ, ಸಾಲ ಅಂತ ಬರಬೇಕು. ನಾಲ್ಕು ಪದ ಇದ್ದಾಗ ಪರವಾಗಿಲ್ಲ, ಕಣ್ಣಲ್ಲೇ ಹುಡುಕಬಹುದು. ನಲವತ್ತು ಪದದ ಪಟ್ಟಿಯಲ್ಲಿ ಅದು ಚೆಲ್ಲಾಪಿಲ್ಲಿ. ಪದ ಅನುವಾದ ಆಯ್ತು, ಕ್ರಮ ಅಲ್ಲೇ ಉಳೀತು. ವರ್ಷಗಟ್ಟಲೆ ಇದು ನನ್ನ ಕಣ್ಣಿಗೇ ಬೀಳಲಿಲ್ಲ. ಯಾಕಂದ್ರೆ ನಾನು ಆ ಪಟ್ಟಿಯನ್ನ ಯಾವತ್ತೂ ಹುಡುಕೋಕೆ ಅಂತ ತೆಗೆದಿರಲಿಲ್ಲ.

ನಮ್ಮ ಕ್ಷೇತ್ರದವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ಸಾಫ್ಟ್‌ವೇರ್ ಬರಹದಲ್ಲಿ ಕಲಿಸೋ ಪುಟ ಬೇರೆ, ಆಕರ ಪುಟ ಬೇರೆ. ಕಲಿಸೋ ಪುಟ ಕೈ ಹಿಡಿದು ಕರಕೊಂಡು ಹೋಗುತ್ತೆ. ಆಕರ ಪುಟವನ್ನ ಯಾರೂ ಮೊದಲಿಂದ ಕೊನೆವರೆಗೆ ಓದಲ್ಲ, ಬೇಕಾದಾಗ ತೆಗೆದು ನೋಡ್ತಾರೆ, ನಿಘಂಟು ಇದ್ದ ಹಾಗೆ. ಡೇನಿಯೆಲೆ ಪ್ರೊಚಿಡಾ ರೂಪಿಸಿದ ಡಯಾಟಾಕ್ಸಿಸ್ ಅನ್ನೋ ಪದ್ಧತಿಯನ್ನ ಈಗ ತುಂಬ ಕಡೆ ಪಾಲಿಸ್ತಾರೆ. ಆಕರ ಮಾಹಿತಿಯ ರಚನೆ ಯಂತ್ರದ ರಚನೆಯನ್ನೇ ಹೋಲಬೇಕು ಅನ್ನೋದು ಅದರ ಸಲಹೆ. ಇದರಲ್ಲಿ ಅರ್ಥ ಇದೆ. ಯಂತ್ರ ಎಲ್ಲರಿಗೂ ಒಂದೇ, ಕೇಳೋ ಪ್ರಶ್ನೆ ದಿನಕ್ಕೊಂದು. ಪ್ರಶ್ನೆಗಳ ಕ್ರಮದಲ್ಲಿ ಜೋಡಿಸೋಕೆ ಹೋದ್ರೆ ಒಂದೇ ಮಾಹಿತಿ ಹತ್ತು ಕಡೆ ಚೂರುಚೂರಾಗಿ ಬಿದ್ದು, ಒಂದು ಕಡೆ ತಿದ್ದಿ ಒಂಬತ್ತು ಕಡೆ ಮರೆಯೋ ಪರಿಸ್ಥಿತಿ ಬರುತ್ತೆ. ಹಾಗಾದ್ರೆ ನಾನು ಮಾಡಿದ್ದರಲ್ಲಿ ತಪ್ಪೇನು?

ಇದನ್ನೇ ಅವತ್ತು ಅಕ್ಕನಿಗೆ ನನಗೆ ಬಂದ ಹಾಗೆ ವಿವರಿಸಿದೆ. ಅವಳು ನಕ್ಕಳು.

"ನಮ್ಮಲ್ಲಿ ಕಿರ್ದಿ ಇರತ್ತಲ್ಲೋ. ಅವತ್ತವತ್ತು ಆಗಿದ್ದೆಲ್ಲ ಆದ ಹಂಗೇ ಬರೀತೀವಿ. ಆದ್ರೆ ರೈತ ಬಂದು ನನ್ ಸಾಲ ಎಷ್ಟು ಬಾಕಿ ಇದೆ ಅಂದ್ರೆ ವರ್ಷದ ಕಿರ್ದಿ ಎಲ್ಲ ತಿರುವಿ ಹಾಕಕ್ಕಾಗತ್ತಾ? ಅದಕ್ಕೇ ಖತಾವಣಿ. ಕಿರ್ದಿಲಿ ಬರ್ದಿದ್ನ ಖತಾವಣಿಗೆ ಏರಿಸ್ದೆ ಇದ್ರೆ ಕೆಲ್ಸ ಮುಗೀತು ಅಂತ ಯಾವ ಆಡಿಟರೂ ಒಪ್ಪಲ್ಲ."

ನಾನು ಬಿ.ಇ. ಓದಿದವನು, ಡೇಟಾಬೇಸ್ ಇಂಡೆಕ್ಸ್ ಬಗ್ಗೆ ಪರೀಕ್ಷೆ ಬರೆದು ಪಾಸಾದವನು. ಅದನ್ನ ಇಷ್ಟು ಸಲೀಸಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಕಿರ್ದಿ ಕೇಳೋದು ಯಾವತ್ತು ಏನಾಯ್ತು ಅಂತ. ಖತಾವಣಿ ಕೇಳೋದು ಯಾರದ್ದು ಎಷ್ಟು ಅಂತ. ಇರೋ ಮಾಹಿತಿ ಎರಡರಲ್ಲೂ ಒಂದೇ. ಎರಡನೇದು ಬರೆಯೋದು ಶುದ್ಧ ಹೆಚ್ಚುವರಿ ದುಡಿಮೆ. ಆದರೂ ಕಂಪ್ಯೂಟರ್ ಬರೋಕೆ ಮುಂಚೆ ಗುಮಾಸ್ತರು ಪ್ರತಿ ದಿನ ಕೂತು ಕೈಯಲ್ಲಿ ಬರೀತಿದ್ರು. ಯಾಕಂದ್ರೆ ನಾಳೆ ಬಂದು ಕೇಳೋವರ ಕೈಯಲ್ಲಿ ಇರೋದು ತಾರೀಕಲ್ಲ, ತಮ್ಮ ಹೆಸರು. ನಾನು ಬರೆದ ಸಹಾಯ ಪುಟ ಬರೀ ಕಿರ್ದಿ. ಕಿರ್ದಿ ತಪ್ಪಿರಲಿಲ್ಲ. ಅರ್ಧ ಕೆಲಸಕ್ಕೆ ಪೂರ್ತಿ ಕೆಲಸ ಅಂತ ಸಹಿ ಹಾಕಿದ್ದೆ.

ಮಾರನೇ ದಿನ ವಾಪಸ್ ಬರೋವಾಗ ಶಿರಾಳಕೊಪ್ಪದಲ್ಲಿ ಇಳಿದು ತಾಳಗುಂದಕ್ಕೆ ಹೋದೆ. ಚಿಕ್ಕವನಿದ್ದಾಗ ಶಾಲೆಯಿಂದ ಕರಕೊಂಡು ಹೋಗಿದ್ರು, ಆಮೇಲೆ ಹೋಗಿರಲಿಲ್ಲ. ಪ್ರಣವೇಶ್ವರ ದೇವಸ್ಥಾನದ ಮುಂದೆ ಆ ಕಂಬ ಇದೆ. ಐದನೇ ಶತಮಾನದ್ದು. ಕಂಚಿಗೆ ಓದೋಕೆ ಹೋದ ಮಯೂರಶರ್ಮ ಜಗಳವಾಗಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಕತೆಯನ್ನ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ಇತಿಹಾಸದ ಪುಸ್ತಕಗಳಲ್ಲಿ ಈ ಕಂಬದ ಉಲ್ಲೇಖ ಬಂದಾಗ ಪಕ್ಕದಲ್ಲಿ 'ಶಿಕಾರಿಪುರ 176' ಅಂತ ಇರುತ್ತೆ. ನಮ್ಮ ತಾಲ್ಲೂಕಿನ ಹೆಸರು ಅಲ್ಲೇಕೆ ಬಂತು ಅಂತ ಮೊದಲು ನೋಡಿದಾಗ ಆಶ್ಚರ್ಯವಾಗಿತ್ತು.

ಅದು ಬಿ. ಎಲ್. ರೈಸ್ ಕೊಟ್ಟ ಸಂಖ್ಯೆ. ಮೈಸೂರು ಸಂಸ್ಥಾನದ ಶಾಸನಗಳನ್ನ 'ಎಪಿಗ್ರಾಫಿಯಾ ಕರ್ನಾಟಿಕ' ಅನ್ನೋ ಹೆಸರಿನ 12 ಸಂಪುಟಗಳಲ್ಲಿ ಅವರು ತಂದರು. ಹತ್ತಿರ ಹತ್ತಿರ 9 ಸಾವಿರ ಶಾಸನ. ಶಿಕಾರಿಪುರ ತಾಲ್ಲೂಕಿನವು 1902ರ 7ನೇ ಸಂಪುಟದಲ್ಲಿವೆ, ಸೊರಬದವು 1904ರ 8ನೇ ಸಂಪುಟದಲ್ಲಿ. ಜೋಡಿಸಿರೋದು ರಾಜವಂಶದ ಪ್ರಕಾರ ಅಲ್ಲ, ಕಾಲದ ಪ್ರಕಾರವೂ ಅಲ್ಲ. ತಾಲ್ಲೂಕು, ಅದರೊಳಗೆ ಊರು. ಹಾಗಾಗಿ ಬಳ್ಳಿಗಾವಿಯ 12ನೇ ಶತಮಾನದ ಶಾಸನಕ್ಕೆ ನೂರರ ಆಸುಪಾಸಿನ ಸಂಖ್ಯೆ, ಅದಕ್ಕಿಂತ ಎಷ್ಟೋ ಹಳೇದಾದ ಮಳವಳ್ಳಿ ಕಂಬದ ಶಾಸನಗಳಿಗೆ 263, 264. ಇತಿಹಾಸ ಓದೋವನಿಗೆ ಇದು ತಲೆಕೆಳಗಾದ ಕ್ರಮ.

ಆದ್ರೆ ಯೋಚಿಸಿ ನೋಡಿ. ಶಾಸನದ ಕಾಲದ ಬಗ್ಗೆ ವಿದ್ವಾಂಸರು ನಾಳೆ ಅಭಿಪ್ರಾಯ ಬದಲಾಯಿಸಬಹುದು. ಯಾವ ರಾಜ ಅನ್ನೋದರ ಬಗ್ಗೆ ಜಗಳ ಆಗಬಹುದು. ಕಲ್ಲು ಯಾವ ಊರಲ್ಲಿ ಸಿಕ್ಕಿತು ಅನ್ನೋದು ಬದಲಾಗಲ್ಲ. ಬದಲಾಗದೇ ಇರೋದನ್ನ ವಿಳಾಸ ಮಾಡಿಕೊಂಡರು. ಅದಕ್ಕೇ ನೂರಿಪ್ಪತ್ತು ವರ್ಷ ಆದ ಮೇಲೂ 'ಶಿಕಾರಿಪುರ 176' ಅಂದ್ರೆ ಅದೇ ಕಂಬ. ಅಷ್ಟಕ್ಕೇ ನಿಲ್ಲಿಸಲಿಲ್ಲ ಅನ್ನೋದು ನನಗೆ ಮುಖ್ಯ. ಕಾಲಾನುಕ್ರಮದಲ್ಲಿ ಹುಡುಕೋವರಿಗೆ ಸಂಪುಟದಲ್ಲಿ ಬೇರೆ ಪಟ್ಟಿ ಕೊಟ್ಟರು. ಶಾಸನದ ಪಾಠವನ್ನ ರೋಮನ್ ಲಿಪಿಯಲ್ಲಿ ಒಮ್ಮೆ, ಕನ್ನಡ ಲಿಪಿಯಲ್ಲಿ ಒಮ್ಮೆ ಅಚ್ಚು ಹಾಕಿದರು, ಇಂಗ್ಲಿಷ್ ಅನುವಾದ ಬೇರೆ. ವಿಳಾಸ ಒಂದೇ, ಒಳಗೆ ಬರೋಕೆ ಬಾಗಿಲು ಹಲವು. ಡಯಾಟಾಕ್ಸಿಸ್ ಹೇಳೋದೂ ಅಕ್ಕ ಹೇಳಿದ್ದೂ ಜಗಳ ಆಡಬೇಕಿಲ್ಲ ಅಂತ ನನಗೆ ಹೊಳೆದದ್ದು ಆ ಕಂಬದ ಮುಂದೆ. ಮಾಹಿತಿ ಯಂತ್ರದ ಕ್ರಮದಲ್ಲೇ ಇರಲಿ. ಬಾಗಿಲು ಮಾತ್ರ ಬರೋವರ ಕಡೆಗಿರಬೇಕು.

ನಮ್ಮ ವೃತ್ತಿಯ ಹಿರಿಯರಿಗೂ ಇದು ಗೊತ್ತಿತ್ತು. ಯೂನಿಕ್ಸ್‌ನ ಮೊದಲ ಕೈಪಿಡಿಯ ತಾರೀಕು 1971ರ ನವೆಂಬರ್ 3. ಕಮಾಂಡುಗಳೆಲ್ಲ ಒಂದು ವಿಭಾಗ, ಸಿಸ್ಟಮ್ ಕಾಲ್‌ಗಳು ಇನ್ನೊಂದು, ಹೀಗೆ ವಿಂಗಡಿಸಿ ಒಳಗೆ ಅಕಾರಾದಿ. ಫೈಲ್ ಅಳಿಸೋ ಕಮಾಂಡಿನ ಹೆಸರು 'ಆರ್‌ಎಂ' ಅಂತ ಗೊತ್ತಿದ್ದವರಿಗೆ ಪುಟ ತಕ್ಷಣ ಸಿಗುತ್ತೆ. ಗೊತ್ತಿಲ್ಲದವರಿಗೆ? ಮುಂದಿನ ಆವೃತ್ತಿಗಳಲ್ಲಿ ಒಂದು ವಿಶೇಷ ಸೂಚಿ ಸೇರಿಸಿದರು. ಪ್ರತಿ ಪುಟದ ಒಂದು ಸಾಲಿನ ವಿವರಣೆಯಲ್ಲಿರೋ ಮುಖ್ಯ ಪದಗಳನ್ನೆಲ್ಲ ಒಂದೊಂದಾಗಿ ಮುಂದೆ ತಂದು ಅಕಾರಾದಿಯಾಗಿ ಜೋಡಿಸಿದ್ದು. 'ತೆಗೆದುಹಾಕು' ಅಂತ ಹುಡುಕಿದರೂ, 'ಫೈಲ್' ಅಂತ ಹುಡುಕಿದರೂ ಅದೇ ಪುಟಕ್ಕೆ ಬರಬಹುದು. ಇದು ಯೂನಿಕ್ಸ್‌ನ ಖತಾವಣಿ. ಇನ್ನೊಂದು ಒಳ್ಳೇ ಪದ್ಧತಿ ಮೊದಲ ಕೈಪಿಡಿಯಿಂದಲೇ ಇತ್ತು. ಪುಟದ ಕೊನೆಗೆ 'ಬಗ್ಸ್' ಅನ್ನೋ ತಲೆಬರಹ ಹಾಕಿ ಇದರಲ್ಲಿ ಏನು ಸರಿಯಿಲ್ಲ, ಏನು ಆಗಲ್ಲ ಅಂತ ತಾವೇ ಬರೀತಿದ್ರು. ಹುಡುಕೋವರಿಗೆ 'ಇದು ಆಗಲ್ಲ' ಅನ್ನೋದೂ ಒಂದು ಉತ್ತರವೇ. ಅದು ಸಿಕ್ಕಿದ್ರೆ ಹುಡುಕೋದು ನಿಲ್ಲಿಸಿ ಬೇರೆ ದಾರಿ ನೋಡಬಹುದು.

ಇಲ್ಲಿಗೆ ವಿಷಯ ಬರೀ ಜೋಡಣೆಯದ್ದು, ಇದರಲ್ಲಿ ನೀತಿಯ ಮಾತೇನು ಅಂತ ನಿಮಗೆ ಅನ್ನಿಸಬಹುದು. ನನ್ನ ಮ್ಯಾನೇಜರಿಗೂ ಹಾಗೇ ಅನ್ನಿಸಿತ್ತು. ಅವರ ಜೊತೆ ಆದ ವಾದದಲ್ಲಿ ಮೂರು ಮಾತು ಬಂದವು.

ಮೊದಲನೇದು, ಕಲಿಯೋದು ಬಳಸೋವರ ಜವಾಬ್ದಾರಿ ಅನ್ನೋದು. ತರಬೇತಿ ಕೊಟ್ಟಿದ್ದೇವೆ, ಕೈಪಿಡಿ ಇದೆ, ಓದಿಕೊಳ್ಳಲಿ. ಇದು ಅರ್ಧ ಸತ್ಯ. ಅಕ್ಕ ಓದೋಕೆ ಸೋಮಾರಿ ಅಲ್ಲ. ತಪ್ಪನ್ನ ಅವಳೇ ಹಿಡಿದಳು, ಮೂರು ಪದ ಹಾಕಿ ಹುಡುಕಿದಳು, ಒಂದು ವಿಭಾಗ ಪೂರ್ತಿ ನೋಡಿದಳು. ಅವಳ ಪಾಲಿನದ್ದು ಅವಳು ಮಾಡಿದ್ದಾಳೆ. ನನಗೂ ಅವಳಿಗೂ ಇರೋ ವ್ಯತ್ಯಾಸ ಒಂದೇ. ಅವಳು ಏನು ಕೇಳಬಹುದು ಅಂತ ಊಹಿಸೋಕೆ ನನಗೆ ಎರಡು ವರ್ಷ ಸಮಯ ಇತ್ತು. ನಾನು ಏನು ಹೆಸರಿಟ್ಟಿರಬಹುದು ಅಂತ ಊಹಿಸೋಕೆ ಅವಳಿಗಿದ್ದದ್ದು ಒಂದು ಸಂಜೆ. ಊಹಿಸೋ ಭಾರ ಯಾರ ಮೇಲಿರಬೇಕು? ಸಮಯ ಯಾರಿಗೆ ಹೆಚ್ಚಿದೆಯೋ, ತಪ್ಪಿದ್ರೆ ಕಳಕೊಳ್ಳೋದು ಯಾರಿಗೆ ಕಮ್ಮಿಯೋ ಅವರ ಮೇಲೆ ಅಂತ ನನ್ನ ಅಭಿಪ್ರಾಯ.

ಎರಡನೇದು ಇದಕ್ಕಿಂತ ಗಟ್ಟಿ ವಾದ. ರಸೀದಿ ರದ್ದು ಮಾಡೋದು ಹೇಗೆ ಅಂತ ಸುಲಭವಾಗಿ ಸಿಕ್ಕಿದ್ರೆ ಕಳ್ಳತನಕ್ಕೆ ದಾರಿ ಮಾಡಿದ ಹಾಗೆ, ದುಡ್ಡು ತಗೊಂಡು ರಸೀದಿ ಕೊಟ್ಟು ಆಮೇಲೆ ರದ್ದು ಮಾಡಿಬಿಡಬಹುದು, ಅದಕ್ಕೇ ಅದನ್ನ ಅಡ್ಮಿನ್ ಒಳಗೆ ಇಟ್ಟಿದ್ದು. ಹಣದ ವ್ಯವಹಾರದಲ್ಲಿ ಈ ಭಯ ಸುಳ್ಳಲ್ಲ. ಆದ್ರೆ ಅದಕ್ಕೆ ಬೀಗ ಅಂತ ಇದೆ. ಕಾರ್ಯದರ್ಶಿ ಲಾಗಿನ್ ಇಲ್ಲದೆ ಆ ಕೆಲಸ ಆಗಲ್ಲ, ಕಾರಣ ಬರೀಬೇಕು, ಎರಡೂ ನಮೂದು ಆಡಿಟರ್ ಕಣ್ಣಿಗೆ ಬೀಳುತ್ತೆ. ಬೀಗ ಹಾಕಿದ ಮೇಲೆ ಬಾಗಿಲು ಎಲ್ಲಿದೆ ಅಂತ ಮುಚ್ಚಿಡೋದರಿಂದ ಏನು ಬಂತು? ಮೋಸ ಮಾಡಬೇಕು ಅನ್ನೋವನಿಗೆ ಹುಡುಕೋಕೆ ವರ್ಷಗಟ್ಟಲೆ ಪುರುಸೊತ್ತಿರುತ್ತೆ. ಸಿಗದೆ ಒದ್ದಾಡೋದು ಅವತ್ತೇ ಲೆಕ್ಕ ಸರಿ ಮಾಡಬೇಕು ಅನ್ನೋ ಪ್ರಾಮಾಣಿಕರು. ನಮ್ಮ ಜೋಡಣೆ ಅಕ್ಕನ ಪ್ರಾಮಾಣಿಕತೆಗೆ 1,800 ರೂಪಾಯಿ ದಂಡ ಹಾಕಿತ್ತು.

ಮೂರನೇದು ಈಗಿನ ಕಾಲದ ವಾದ. ಸರ್ಚ್ ಇದೆ, ಎಐ ಇದೆ, ಇನ್ನು ಯಾರು ಪಟ್ಟಿ ನೋಡ್ತಾರೆ, ಕ್ರಮದ ಗೊಡವೆ ಯಾಕೆ? ನಮ್ಮ ಸರ್ಚ್‌ನ ಹಣೆಬರಹ ಮೇಲೆ ಹೇಳಿದೆ. ಪುಟದಲ್ಲಿ 'ತಪ್ಪು' ಅನ್ನೋ ಪದವೇ ಇಲ್ಲದಿದ್ರೆ ಅದು ಹೇಗೆ ತಂದುಕೊಡುತ್ತೆ? ಚಾಟ್‌ಬಾಟ್ ಇದಕ್ಕಿಂತ ಚೆನ್ನಾಗಿ ಊಹಿಸಬಹುದು, ಒಪ್ಪಿದೆ. ಆದ್ರೆ ಇಲ್ಲದ ಮೆನುವಿನ ಹೆಸರನ್ನೂ ಅಷ್ಟೇ ಧೈರ್ಯವಾಗಿ ಹೇಳೋದನ್ನ ನಾವೆಲ್ಲ ನೋಡಿದ್ದೇವೆ. ಚೆನ್ನಾಗಿ ಜೋಡಿಸಿದ ಪಟ್ಟಿಯಲ್ಲಿ ಇರೋದು ಕಾಣುತ್ತೆ, ಇಲ್ಲದಿರೋದೂ ಕಾಣುತ್ತೆ. ಒಂದು ಊರಿನ ಶಾಸನಗಳ ಪಟ್ಟಿ ತೆಗೆದರೆ ಆ ಸಂಪುಟದಲ್ಲಿ ಆ ಊರಿನದ್ದು ಇಷ್ಟೇ ಅಂತ ಗೊತ್ತಾಗುತ್ತೆ. ದುಡ್ಡಿನ ವಿಷಯದಲ್ಲಿ ಆ ಖಾತ್ರಿ ಬೇಕು.

ವಾದದಲ್ಲಿ ಗೆದ್ದೆ ಅಂತ ಬೀಗೋಕೆ ಹೋಗಲ್ಲ. ಯಾಕಂದ್ರೆ ನಾಲ್ಕನೇ ಕಾರಣ ಒಂದಿತ್ತು, ಅದನ್ನ ಮ್ಯಾನೇಜರ್ ಹೇಳಲಿಲ್ಲ, ನನಗೆ ಮಾತ್ರ ಗೊತ್ತಿತ್ತು. ಸಂಘಗಳಿಂದ ಫೋನ್ ಬಂದಾಗ ಕೊನೆಗೆ ನನಗೇ ಕೊಡ್ತಿದ್ರು. "ಸರ್, ನೀವ್ ಹೇಳಿದ್ ಮೇಲೆ ಆಯ್ತು ನೋಡಿ" ಅಂತ ಯಾವುದೋ ಊರಿನ ಕಾರ್ಯದರ್ಶಿ ಅಂದ್ರೆ ಖುಷಿ ಆಗ್ತಿತ್ತು. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ಅದು ನನ್ನ ಹೆಸರಿಗೆ ಬರ್ತಿತ್ತು. ಪುಟ ತಾನೇ ಸಿಕ್ಕಿಬಿಟ್ಟಿದ್ರೆ ಫೋನ್ ಯಾಕೆ ಬರ್ತಿತ್ತು? ಬೇಕಂತಲೇ ಮುಚ್ಚಿಟ್ಟೆ ಅಂತಲ್ಲ. ತೆರೆಯೋಕೆ ಅವಸರ ಇರಲಿಲ್ಲ ಅಷ್ಟೇ.

ಇದನ್ನ ನಾನು ಬೇರೆ ಕಡೆಯಿಂದ ನೋಡಿ ಬೆಳೆದವನು. ನಮ್ಮಜ್ಜನಿಗೆ ಹೊಲ ಅಂದ್ರೆ 'ಹುಣಸೇಮರದ ಹೊಲ', ಗದ್ದೆ ಅಂದ್ರೆ 'ಕೆರೆ ಕೆಳಗಿನ ಗದ್ದೆ'. ಸರ್ಕಾರದ ಕಡತದಲ್ಲಿ ಅವು ಸರ್ವೆ ನಂಬರು, ಹಿಸ್ಸಾ ನಂಬರು. ಪಹಣಿ ಬೇಕಾದ್ರೆ ಒಂದನ್ನ ಇನ್ನೊಂದಕ್ಕೆ ಕೂಡಿಸಿ ಹೇಳಬಲ್ಲವರ ಮನೆ ಜಗಲಿ ಮೇಲೆ ಅಜ್ಜ ಕಾಯ್ತಿದ್ದ. ನಾನೂ ಪಕ್ಕದಲ್ಲಿ ಕೂತಿರ್ತಿದ್ದೆ. ಅವರು ಕೆಟ್ಟವರಲ್ಲ, ದುಡ್ಡು ಕೇಳ್ತಿರಲಿಲ್ಲ. ಕಾಯಿಸ್ತಿದ್ರು. ಆಮೇಲೆ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು, ತಾಲ್ಲೂಕು ಆಫೀಸಿನ ಕಿಟಕಿಯಲ್ಲಿ ಶುಲ್ಕ ಕಟ್ಟಿ ಪ್ರಿಂಟ್ ತಗೊಳ್ಳೋ ಹಾಗಾಯ್ತು. ಅದು ದೊಡ್ಡ ಬದಲಾವಣೆಯೇ. ಆದ್ರೆ ಕಿಟಕಿಯಲ್ಲೂ ಕೇಳಿದ್ದು ಸರ್ವೆ ನಂಬರನ್ನೇ. ಅಜ್ಜ ಒಂದು ದಿನ ಯಾರನ್ನೋ ಕೇಳಿ ಎಲ್ಲ ನಂಬರು ಬರೆಸಿಕೊಂಡು ಬಂದು ಬೀರುವಿನ ಬಾಗಿಲ ಒಳಗಡೆ ಪೆನ್ಸಿಲಲ್ಲಿ ಬರೆದಿಟ್ಟ. ಎಡಗಡೆ ಹೊಲದ ಹೆಸರು, ಬಲಗಡೆ ನಂಬರು. ಅಜ್ಜ ಹೋಗಿ ಎಷ್ಟೋ ವರ್ಷ ಆಯ್ತು, ಮನೆಯಲ್ಲಿ ಈಗಲೂ ಪಹಣಿ ಬೇಕಾದ್ರೆ ಬೀರು ಬಾಗಿಲು ತೆಗೀತಾರೆ.

ಜಗಲಿ ಮೇಲೆ ಕಾದವನ ಮೊಮ್ಮಗ ಬೆಂಗಳೂರಿಗೆ ಬಂದು, ತಾನೇ ಒಂದು ಜಗಲಿ ಕಟ್ಟಿಕೊಂಡು ಜನರನ್ನ ಕಾಯಿಸ್ತಾ ಕೂತಿದ್ದ.

ವಾಪಸ್ ಬಂದವನು ಮೊದಲು ಮಾಡಿದ ಕೆಲಸ ಅಂದ್ರೆ ಸಹಾಯದ ಸರ್ಚ್‌ನಲ್ಲಿ ಜನ ಹಾಕಿ ಏನೂ ಸಿಗದೇ ಹೋದ ಪದಗಳ ಲಾಗ್ ತೆಗೆದು ನೋಡಿದ್ದು. ಅದು ಮೊದಲಿಂದಲೂ ತಾನಾಗೇ ದಾಖಲಾಗ್ತಿತ್ತು, ಯಾರೂ ತೆಗೆದಿರಲಿಲ್ಲ. ರದ್ದು. ಕ್ಯಾನ್ಸಲ್. ರಾಂಗ್ ಎಂಟ್ರಿ. ವಾಪಸ್. ಜಾಸ್ತಿ ಹೊಡೆದಿದೆ. ಕನ್ನಡ ಟೈಪಿಂಗ್ ಬಾರದವರು ಇಂಗ್ಲಿಷ್ ಅಕ್ಷರದಲ್ಲೇ ಬರೆದ 'ತಪ್ಪು', ಒಂದು ಪ ಹಾಕಿ, ಎರಡು ಪ ಹಾಕಿ, ಮೂರು ತರ. ಪಕ್ಕದಲ್ಲಿ ಸಮಯ ಇತ್ತು. ಹೆಚ್ಚಿನವು ಸಂಜೆ ಐದರ ಮೇಲೆ. ನನಗೆ ಅಕ್ಕನೊಬ್ಬಳೇ ಕಣ್ಣ ಮುಂದಿದ್ದಳು. ಇಲ್ಲಿ ನೋಡಿದ್ರೆ ಎಷ್ಟೋ ಊರಿನ ಎಷ್ಟೋ ಜನ ದಿನ ಮುಗಿಸೋ ಹೊತ್ತಲ್ಲಿ ಬಾಗಿಲು ತಟ್ಟಿ ಹೋಗಿದ್ದಾರೆ. ಅವರಲ್ಲಿ ಎಷ್ಟು ಜನ ತಮ್ಮ ಬ್ಯಾಗಿಗೆ ಕೈ ಹಾಕಿದರೋ, ಅದು ಯಾವ ಲಾಗಿನಲ್ಲೂ ಇಲ್ಲ.

ಪುಟಗಳ ಜಾಗ ಬದಲಾಯಿಸಲಿಲ್ಲ. ಆ ಲಾಗಿನ ಪದಗಳನ್ನ ಒಂದೊಂದಾಗಿ ಸರಿಯಾದ ಪುಟಕ್ಕೆ ಕೂಡಿಸಿದೆ. ತಪ್ಪು ಕಾಗುಣಿತವನ್ನೂ ಬಿಡಲಿಲ್ಲ. ಪಟ್ಟಿಗಳನ್ನ ಕನ್ನಡದ ಅಕಾರಾದಿಗೆ ತಂದೆ. ಆ ಪುಟದ ಮೊದಲ ಸಾಲನ್ನ 'ರಸೀದಿಯಲ್ಲಿ ಮೊತ್ತ ತಪ್ಪಾಗಿದ್ದರೆ' ಅಂತ ಬದಲಾಯಿಸಿ, ಅದರ ಕೆಳಗೆ 'ಇದಕ್ಕೆ ಕಾರ್ಯದರ್ಶಿ ಲಾಗಿನ್ ಬೇಕು. ಹಿಂದಿನ ಆರ್ಥಿಕ ವರ್ಷದ ರಸೀದಿಗೆ ಇದು ಆಗುವುದಿಲ್ಲ' ಅಂತ ಹಾಕಿದೆ. 'ರಿವರ್ಸಲ್' ಅನ್ನೋ ಹೆಸರು ಹಾಗೇ ಇದೆ, ಆಡಿಟರುಗಳಿಗೆ ಅದೇ ಬೇಕು. ಪ್ರಾಜೆಕ್ಟ್ ಪ್ಲಾನಿನಲ್ಲಿ ಇದಕ್ಕೆ ಸಮಯ ಇರಲಿಲ್ಲ. ಮೂರು ವಾರ ಸಂಜೆ ಕೂತು ಮುಗಿಸಿದೆ. ಫೋನ್ ಈಗ ಕಮ್ಮಿ ಬರುತ್ತೆ. ಸುಳ್ಳು ಯಾಕೆ ಹೇಳಲಿ, ಒಮ್ಮೊಮ್ಮೆ ಬೇಜಾರಾಗುತ್ತೆ.

ನೀವೂ ಎಲ್ಲೋ ಒಂದು ಕಡೆ ಏನೋ ಬರೆದಿಟ್ಟಿರ್ತೀರಿ. ಟೀಮಿನ ವಿಕಿಯಲ್ಲೋ, ಶೇರ್ಡ್ ಡ್ರೈವಿನಲ್ಲೋ, ಮನೆಯಲ್ಲಿ ಅಪ್ಪ ಅಮ್ಮನ ಇನ್ಶೂರೆನ್ಸ್ ಕಾಗದ ಇಟ್ಟ ಫೈಲಿನಲ್ಲೋ. ಅದನ್ನ ಹುಡುಕಿಕೊಂಡು ಬರೋವರು ನೀವು ಹತ್ತಿರ ಇಲ್ಲದ ಹೊತ್ತಲ್ಲಿ ಬರ್ತಾರೆ, ಗಾಬರಿಯಲ್ಲಿರ್ತಾರೆ, ನೀವು ಇಟ್ಟ ಹೆಸರು ಅವರಿಗೆ ಗೊತ್ತಿರಲ್ಲ. ಅವರ ಬಾಯಲ್ಲಿ ಬರೋ ಮೊದಲ ಪದ ಯಾವುದು ಅಂತ ಒಂದು ಸಲ ಕೇಳಿಕೊಂಡು ನೋಡಿ.

ಯುಗಾದಿಗೆ ಹೋದಾಗ ಅಕ್ಕನಿಗೆ ಹೊಸ ಪುಟ ತೋರಿಸಿದೆ. 'ತಪ್ಪು' ಅಂತ ಹೊಡೆದಳು, ಬಂತು. ಮೊದಲ ಸಾಲು ಓದಿ ತಲೆ ಆಡಿಸಿದಳು. ನಾನು ಜೇಬಿನಿಂದ ದುಡ್ಡು ತೆಗೆದು 1,800 ಎಣಿಸಿ ಮುಂದಿಟ್ಟೆ.

"ಇದೆಂತಕ್ಕೆ?"

"ಅವತ್ತಿಂದು."

ಅಕ್ಕ ದುಡ್ಡು ಮುಟ್ಟಲಿಲ್ಲ. "ಯಾವ ಖಾತೆಗೆ ಜಮಾ ಮಾಡ್ಲಿ ಹೇಳು ಇದನ್ನ" ಅಂತ ನಗ್ತಾ ಒಳಗೆ ಹೋಗಿ ಹೋಳಿಗೆ ತಂದಳು. ಊಟ ಮಾಡೋವಾಗ ಕೇಳಿದಳು: "ಹಂಗಾದ್ರೆ ಒಂದೇ ಹೆಸರಿನ ಇಬ್ರು ಸದಸ್ಯರ ಖಾತೆ ಅದಲುಬದಲಾದ್ರೆ ಏನಂತ ಹುಡುಕ್ಬೇಕು?"

ಅದಕ್ಕೆ ಪುಟ ಇದೆ. ಏನಂತ ಹುಡುಕಿದ್ರೆ ಸಿಗುತ್ತೆ ಅಂತ ನನಗೂ ತಕ್ಷಣ ಹೇಳೋಕಾಗಲಿಲ್ಲ. "ನೀನಾದ್ರೆ ಏನಂತ ಹುಡುಕ್ತಿದ್ದೆ?" ಅಂತ ಕೇಳಿ, ಕೈ ತೊಳೆದು ಬಂದು ಅವಳು ಹೇಳಿದ್ದನ್ನ ಬರಕೊಂಡೆ.